ಇಲಿಗಳಿಗೆಂದು ಹೊಲಿದ ಚೀಲ

ಮದುವೆಯಾಗಿ ನಮ್ಮ ಮನೆಗೆ ಬಂದ ವಾರದೊಳಗೇ ನನ್ನ ಹೆಂಡತಿ ನಮ್ಮಮ್ಮನಿಗೆ ಹೇಳಿದ ಮಾತು ಇದು: "ಅತ್ತೆ, ಇನ್ಮೇಲೆ ಇಲೀನ ಸಾಯಿಸಬ್ಯಾಡ್ರಿ."

ನಮ್ಮಮ್ಮ ಹಾಲಮ್ಮ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುವವಳು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಬೆರೆಸಿ, ಕಾದ ಮರಳಿನಲ್ಲಿ ಹುರಿದು ಅರಳಿಸುವ ಈ ಕಸುಬಿಗೆ ಶತ್ರುಗಳು ಎರಡೇ. ಒಂದು ಮಳೆಗಾಲದ ತೇವ, ಇನ್ನೊಂದು ಇಲಿ. ತೇವದ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲವಾದ್ದರಿಂದ ಅಮ್ಮನ ಸಿಟ್ಟೆಲ್ಲ ಇಲಿಯ ಪಾಲಿಗೇ ಬಂದಿತ್ತು. ಅಂಥವಳಿಗೆ ಹೊಸ ಸೊಸೆ ಹೀಗೆ ಹೇಳಿದಾಗ ಅವಳು ಸೊಸೆಯ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು. ಎಂಥವಳನ್ನು ಕಟ್ಟಿಕೊಂಡು ಬಂದೆಯೋ ಕೊಟ್ರೇಶಾ ಎಂದು ಆ ನೋಟದಲ್ಲೇ ಕೇಳಿದಳು.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ನನ್ನ ಹೆಂಡತಿ ಶಾಂಭವಿ ಪಶುವೈದ್ಯೆ. ಆದರೆ ಹಸು ಎಮ್ಮೆ ನೋಡುವ ಡಾಕ್ಟರಲ್ಲ. ಪ್ರಾಣಿಗಳ ಮೈಮೇಲೆ ಬಾಡಿಗೆ ಕೊಡದೆ ಬದುಕುವ ಚಿಗಟ, ಉಣ್ಣೆ, ಹೇನುಗಳು, ಆ ಚಿಗಟದ ಹೊಟ್ಟೆಯಲ್ಲಿ ಮತ್ತೆ ಬಾಡಿಗೆ ಕೊಡದೆ ಬದುಕುವ ರೋಗಾಣುಗಳು, ಇವು ಅವಳ ವಿಷಯ. ಹೆಣ್ಣು ನೋಡಲು ಹೋದಾಗ "ನಿಮ್ಮ ಹವ್ಯಾಸ ಏನ್ರಿ?" ಎಂದು ಕೇಳಿದ್ದೆ. "ಸೊಂಡಿಲಿ ಕಿವಿಯಾಗೆ ಚಿಗಟ ಹುಡುಕೋದು" ಅಂದಿದ್ದಳು. ತಮಾಷೆ ಎಂದುಕೊಂಡು ಎಲ್ಲರೂ ನಕ್ಕೆವು. ಅದು ತಮಾಷೆಯಲ್ಲ ಎಂದು ನನಗೆ ತಿಳಿಯುವಷ್ಟರಲ್ಲಿ ಮದುವೆಯಾಗಿತ್ತು.

"ಇಲಿ ಸತ್ತರೆ ಅದರ ಮೈಮ್ಯಾಲಿನ ಚಿಗಟ ಎಲ್ಲಿಗೆ ಹೋಗ್ತಾವೆ ಹೇಳ್ರಿ ಅತ್ತೆ?" ಎಂದು ಅವಳು ಕೇಳಿದಳು.

"ಸುಡುಗಾಡಿಗೆ ಹೋಗ್ತಾವೆ."

"ಇಲ್ಲ. ನಿಮ್ಮ ಕಾಲಿಗೆ ಬರ್ತಾವೆ. ಇಲಿ ಮೈ ತಣ್ಣಗಾದ ಕೂಡ್ಲೇ ಬೆಚ್ಚಗಿರೋ ಮೈ ಹುಡುಕ್ತಾವೆ. ನಾಯಿ, ಬೆಕ್ಕು, ಮನುಷ್ಯ, ಅವಕ್ಕೆ ಭೇದ ಇಲ್ಲ."

"ಓದಿದೋರ ಮಾತು" ಎಂದು ಅಮ್ಮ ಜರಡಿ ಕೈಗೆತ್ತಿಕೊಂಡಳು. ಮಾತು ಮುಗಿಯಿತು ಎಂಬುದಕ್ಕೆ ನಮ್ಮ ಮನೆಯಲ್ಲಿ ಅದೇ ಗುರುತು.

ಆ ಮಳೆಗಾಲದಲ್ಲಿ ನಮ್ಮ ಓಣಿಯ ಭಟ್ಟಿ ಮಾಲೀಕರ ಸಂಘ ಇಲಿಗಳ ಮೇಲೆ ಯುದ್ಧ ಸಾರಿತು. ಸಂಘದ ಅಧ್ಯಕ್ಷ ದಾದಾಪೀರ್, ನಮ್ಮ ಪಕ್ಕದ ಭಟ್ಟಿಯವನು, ಅಮ್ಮನನ್ನು ಹಾಲಕ್ಕ ಹಾಲಕ್ಕ ಎಂದೇ ಕರೆದು ಬೆಳೆದವನು. ಅವನೇ ಮುಂದೆ ನಿಂತು ಮಂಡಕ್ಕಿಗೆ ಪಾಷಾಣ ಬೆರೆಸಿ ಮೂಲೆಮೂಲೆಗೆ ಗುಡ್ಡೆ ಹಾಕಿಸಿದ. ಇಲಿಗಳೂ ಹೆಗ್ಗಣಗಳೂ ತಿಂದವು, ಸತ್ತವು. ಬುಟ್ಟಿಗಟ್ಟಲೆ ಹೊತ್ತು ಹಾಕಿ, ಓಣಿಯವರೆಲ್ಲ ಮಿರ್ಚಿ ಕರಿದು ಮಂಡಕ್ಕಿ ಜೊತೆ ತಿಂದು ಸಂಭ್ರಮಪಟ್ಟರು. ಶಾಂಭವಿ ಮಾತ್ರ ಮನೆಯ ಬಾಗಿಲಲ್ಲಿ ನಿಂತು ಸತ್ತ ಇಲಿಗಳ ಬುಟ್ಟಿಯನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು.

ಎರಡು ವಾರವಾಗುತ್ತಿದ್ದಂತೆ ಜ್ವರ ಶುರುವಾಯಿತು. ತಲೆ ಸಿಡಿಯುವ ನೋವು, ಮೈಮೇಲೆ ಸಣ್ಣ ಕೆಂಪು ಗುಳ್ಳೆ. ದಾದಾಪೀರ್ ಮಲಗಿದ, ಅವನ ಹೆಂಡತಿ ಮಲಗಿದಳು, ನಮ್ಮಮ್ಮನೂ ಮಲಗಿದಳು. ಕೆಲವರು ಡೆಂಗಿ ಎಂದರು, ಕೆಲವರು ದೃಷ್ಟಿ ಎಂದರು. ಶಾಂಭವಿ ಅಮ್ಮನ ಹೊಟ್ಟೆಯ ಮೇಲಿನ ಗುಳ್ಳೆ ನೋಡಿದವಳೇ ಆಸ್ಪತ್ರೆಗೆ ಓಡಿದಳು. ಇದು ಚಿಗಟದ ಜ್ವರ, ರಕ್ತ ಪರೀಕ್ಷೆ ಮಾಡಿ ಎಂದು ಡಾಕ್ಟರ ಬೆನ್ನು ಬಿದ್ದಳು. ಅವಳ ಊಹೆ ನಿಜವಾಗಿತ್ತು. ಗೊತ್ತಾದ ಮೇಲೆ ಗುಣವಾಗುವುದು ಸುಲಭ. ಹಳೆಯ ಕಾಲದ, ಅಗ್ಗದ ಮಾತ್ರೆಯೇ ಸಾಕಾಯಿತು. ಅಮ್ಮ ಎದ್ದು ಕೂತು ಗಂಜಿ ಕುಡಿದ ದಿನ ಸೊಸೆಯನ್ನು ಹತ್ತಿರ ಕರೆದು, "ಆ ಚಿಗಟದ ಕಥಿ ಇನ್ನೊಂದು ಸಲ ಹೇಳವ್ವ" ಎಂದಳು. ನಮ್ಮಮ್ಮನ ಬಾಯಿಂದ ಅದಕ್ಕಿಂತ ದೊಡ್ಡ ಮಾತು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಜ್ವರವೇನೋ ಇಳಿಯಿತು. ಆದರೆ ಓಣಿಯ ತಲೆಗೆ ಬೇರೆಯೇ ಗಂಡಾಂತರ ಬಂತು. ಜನವಸತಿಯ ನಡುವೆ ಭಟ್ಟಿ ಇರುವುದರಿಂದಲೇ ಇಲಿ, ಇಲಿಯಿಂದ ಚಿಗಟ, ಚಿಗಟದಿಂದ ಜ್ವರ. ಆದ್ದರಿಂದ ಭಟ್ಟಿಗಳನ್ನೆಲ್ಲ ಹೆದ್ದಾರಿಯಾಚೆಯ ಬಯಲಿಗೆ ಸಾಗಿಸಬೇಕೆ ಬೇಡವೇ ಎಂದು ನೋಡಲು ಒಂದು ತಜ್ಞರ ಸಮಿತಿ ನೇಮಕವಾಯಿತು. ಬೇಸಿಗೆಗೆ ಅವರು ಬರುತ್ತಾರೆ, ಇಲಿ ಹಿಡಿದು ಚಿಗಟ ಎಣಿಸುತ್ತಾರೆ. ಚಿಗಟ ಹೆಚ್ಚಿದ್ದರೆ ಓಣಿ ಖಾಲಿ.

ದಾದಾಪೀರನಂಥವರು ಹೇಗೋ ಹೋಗಿ ಬದುಕಿಯಾರು. ನಮ್ಮ ಭಟ್ಟಿ ಇರುವುದು ಮನೆಯ ಹಿತ್ತಲಲ್ಲಿ. ಅಡುಗೆಮನೆಯಿಂದ ಕೈಚಾಚಿದರೆ ಭಟ್ಟಿಯ ಬಾಣಲೆ ಸಿಗುತ್ತದೆ. ಅಮ್ಮನಿಗೆ ಮೊಣಕಾಲು ನೋವು. "ಅಲ್ಲಿ ಬಯಲಾಗ ಹೋಗಿ ಒಲಿ ಹೂಡೋ ವಯಸ್ಸೇನೋ ನಂದು? ಇಲ್ಲಿ ಆರಿಸಿದ್ರೆ ಆರಿತು ಅಷ್ಟ" ಎಂದಳು ನನಗೆ. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಶಾಂಭವಿಯ ಪ್ರಯೋಗಾಲಯ ಊರ ಹೊರಗೆ, ಹಳೆಯ ಹತ್ತಿ ಗಿರಣಿಯೊಂದರ ಕಟ್ಟಡದಲ್ಲಿತ್ತು. ಊಟದ ಡಬ್ಬಿ ಕೊಡಲು ಹೋದಾಗಲೆಲ್ಲ ನಾನು ಅಲ್ಲಿ ಒಂದಿಷ್ಟು ಹೊತ್ತು ಕೂರುತ್ತಿದ್ದೆ. ಆಗ ಅವಳು ತನ್ನ ತಲೆಯೊಳಗಿದ್ದ ಒಂದೇ ಒಂದು ಪ್ರಶ್ನೆಯನ್ನು ನನಗೆ ಬಿಡಿಸಿ ಹೇಳಿದಳು.

"ಇಲೀನ ಕೊಂದ್ರೆ ಚಿಗಟ ನಮ್ಮ ಮೇಲೆ ಬರ್ತಾವೆ. ಬಿಟ್ರೆ ಇಲಿ ಮೇಲೇ ಹೆಚ್ಚಾಗ್ತಾವೆ. ಸರಿ, ಇಲಿ ಬದುಕಿದ್ದು, ಇಲಿಯ ರಕ್ತಾನೇ ಚಿಗಟಕ್ಕೆ ವಿಷ ಆದ್ರೆ?"

ಆಗ ಇಲಿಯೇ ಚಿಗಟದ ಬೋನು. ಚಿಗಟ ಕಚ್ಚುತ್ತದೆ, ರಕ್ತ ಹೀರುತ್ತದೆ, ಕಾಲು ಸೋತು ಬೀಳುತ್ತದೆ. ಮೊಟ್ಟೆಯಿಡುವ ಮೊದಲೇ ಸಾಯುವುದರಿಂದ ಸಂತತಿಯೂ ನಿಲ್ಲುತ್ತದೆ. ಇಲಿಗೆ ಏನೂ ಆಗುವುದಿಲ್ಲ, ಅದು ತನ್ನ ಪಾಡಿಗೆ ಕಳ್ಳತನ ಮಾಡಿಕೊಂಡಿರುತ್ತದೆ. ನಾಯಿಗಳ ಉಣ್ಣೆಗೆ ಕೊಡುವ ಗುಳಿಗೆಯದೇ ಜಾತಿಯ ಔಷಧವೊಂದನ್ನು ಅವಳೂ ಅವಳ ಜೊತೆಯವರೂ ಹದ ಮಾಡಿದ್ದರು. ಒಮ್ಮೆ ತಿಂದರೆ ಅದು ಕೊಬ್ಬಿನಲ್ಲಿ ಅಡಗಿ ಕೂತು, ತಿಂಗಳವರೆಗೆ ಹನಿಹನಿಯಾಗಿ ರಕ್ತಕ್ಕೆ ಇಳಿಯುತ್ತದೆ. ಅದಕ್ಕೊಂದು ಉದ್ದನೆಯ ರಾಸಾಯನಿಕ ಹೆಸರಿತ್ತು. ನಾನು ಚಿಗಟಾರಿ ಎಂದು ನಾಮಕರಣ ಮಾಡಿದೆ, ಅದೇ ಉಳಿಯಿತು.

ಅದು ಕೆಲಸ ಮಾಡುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಎರಡು ಗಾಜಿನ ಪೆಟ್ಟಿಗೆ, ಎರಡರಲ್ಲೂ ಚಿಗಟಗಳು, ತಳದಲ್ಲಿ ಒಂದೊಂದು ಸಣ್ಣ ಮೈಕು. ಒಂದರೊಳಗಿನವು ಮಾಮೂಲಿ ಇಲಿಯ ರಕ್ತ ಕುಡಿದವು, ಇನ್ನೊಂದರೊಳಗಿನವು ಚಿಗಟಾರಿ ತಿಂದ ಇಲಿಯ ರಕ್ತ ಕುಡಿದವು. ಮೊದಲನೆಯದರ ಸ್ಪೀಕರು ಹಾಕಿದರೆ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು. ಎರಡನೆಯದರಲ್ಲಿ ಒಂದೆರಡು ಚಟ್, ಆಮೇಲೆ ಮೌನ. ಶಾಂಭವಿ ಆ ಮೌನವನ್ನು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಬೇರೆ ಗಂಡಸರ ಹೆಂಡಿರು ಸಂಗೀತ ಕೇಳಿ ತಲೆದೂಗುತ್ತಾರೆ, ನನ್ನವಳು ಹೀಗೆ.

ಔಷಧವನ್ನು ಇಲಿಗೆ ತಿನ್ನಿಸುವುದು ಹೇಗೆ? ದಾವಣಗೆರೆಯಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ. ಮಂಡಕ್ಕಿಗೆ ಬೆರೆಸಿ ಓಣಿಯ ಮೂಲೆಮೂಲೆಗೆ ಗುಡ್ಡೆ ಹಾಕಿದೆವು. ಕೆಲವು ಇಲಿಗಳನ್ನು ಹಿಡಿದು ಕಿವಿಗೆ ಅಕ್ಕಿಕಾಳಿನಷ್ಟು ಸಣ್ಣ ಓಲೆ ತೊಡಿಸಿ ಬಿಟ್ಟಿದ್ದರು. ಓಲೆಯಿಂದ ಬರುವ ಸಂಕೇತ ಪ್ರಯೋಗಾಲಯದ ಪರದೆಯ ಮೇಲೆ ಹಳದಿ ಚುಕ್ಕೆಯಾಗಿ ಓಡಾಡುತ್ತಿತ್ತು. ಜನ ಇಲಿಗಳಿಗೆ ಹೆದರದೆ ಚಿಗಟಕ್ಕೆ ಹೆದರಲಿ ಎಂದು ನಾನು ಓಣಿಯ ಗೋಡೆಯ ಮೇಲೆ ದೊಡ್ಡದೊಂದು ಚಿಗಟದ ಚಿತ್ರ ಬರೆದೆ. ಅಳತೆ ಸ್ವಲ್ಪ ಕೈಮೀರಿತು. ಹುಡುಗರು ಅದನ್ನು ಮೇಷ್ಟ್ರ ಎಮ್ಮೆ ಎಂದು ಕರೆದರು.

ಅಮ್ಮ ಇದನ್ನೆಲ್ಲ ನೋಡಿ, "ಇಲಿಗೆ ಡಾಕ್ಟ್ರು ಆತು, ಔಷಧಿ ಆತು, ಕಿವಿಗೆ ಓಲಿನೂ ಆತು. ಇನ್ನ ಸೀಮಂತ ಯಾವಾಗ ಇಟಗೊಂಡಿಯವ್ವ?" ಎಂದಳು.

"ನೀವೇ ಒಳ್ಳೇ ದಿನ ನೋಡ್ರಿ ಅತ್ತೆ" ಎಂದಳು ಶಾಂಭವಿ. ಇಬ್ಬರೂ ನಕ್ಕರು. ಅವರಿಬ್ಬರು ಒಟ್ಟಿಗೆ ನಕ್ಕದ್ದು ನೋಡಿ ನನಗೆ ಹೊಟ್ಟೆ ತುಂಬಿತು.

ಆದರೆ ಇಲಿಗಳು ಗುಡ್ಡೆಯನ್ನು ಮುಟ್ಟಲಿಲ್ಲ. ನಾನು ಡಬ್ಬಿ ಹಿಡಿದು ಹೋದಾಗ ಶಾಂಭವಿ ಪರದೆಯ ಮುಂದೆ ಕೆನ್ನೆಗೆ ಕೈಯಿಟ್ಟು ಕೂತಿದ್ದಳು. ಹಳದಿ ಚುಕ್ಕೆಗಳು ಮಂಡಕ್ಕಿಯ ಗುಡ್ಡೆಗಳ ಹತ್ತಿರ ಬರುತ್ತಿದ್ದವು, ಸುತ್ತು ಹಾಕುತ್ತಿದ್ದವು, ಅಲ್ಲಿಂದ ದೂರ ಹೋಗಿಬಿಡುತ್ತಿದ್ದವು.

"ಪಾಷಾಣದ ನೆನಪು ಇನ್ನೂ ಐತ್ರಿ ಇವಕ್ಕೆ. ಬದುಕಿ ಉಳಿದ ತಾಯಿ ಇಲಿಗಳು ಮುಟ್ಟಲ್ಲ, ಅವು ಮುಟ್ಟದ್ದನ್ನ ಮರಿಗಳೂ ಮುಟ್ಟಲ್ಲ" ಎಂದಳು. "ಹಾಕಿದ ಮಂಡಕ್ಕಿ ಅಂದ್ರೆ ಸಾವು ಅಂತ ಕಲಿತುಬಿಟ್ಟಾವೆ."

"ಮತ್ತೆ ಅವು ಏನು ತಿಂದು ಬದುಕ್ತಾ ಅದಾವೆ?"

ಅವಳು ಪರದೆಯ ಇನ್ನೊಂದು ಮೂಲೆ ತೋರಿಸಿದಳು. ಎಲ್ಲ ಚುಕ್ಕೆಗಳೂ ಬಂದು ಸೇರುತ್ತಿದ್ದದ್ದು ಒಂದೇ ಜಾಗಕ್ಕೆ. ಅದು ನಮ್ಮಮ್ಮನ ಗೋದಾಮು. ಅಲ್ಲಿ ಬಾಯಿ ಹೊಲಿದು ಪೇರಿಸಿಟ್ಟ ಚೀಲಗಳನ್ನು ಅವು ಹಲ್ಲಿನಿಂದ ಕಡಿದು ತಿನ್ನುತ್ತಿದ್ದವು. ಹಾಕಿದ್ದು ಬೇಡ, ಕದ್ದದ್ದಾದರೆ ನಂಬಿಕೆ. ಶಾಂಭವಿ ತಟ್ಟನೆ ಎದ್ದು ನಿಂತಳು. "ರೀ, ಹಂಗಾದ್ರೆ ಔಷಧೀನ ಕದಿಯಾಕೇ ಇಡಬೇಕು!"

ಉಪಾಯ ಸರಳವಾಗಿತ್ತು. ಓಣಿಯವರೆಲ್ಲ ತಮ್ಮ ಮಂಡಕ್ಕಿಯನ್ನು ತಗಡಿನ ಡ್ರಮ್ಮುಗಳಿಗೆ ತುಂಬಿ ಮುಚ್ಚಳ ಬಿಗಿಯಬೇಕು. ನಮ್ಮ ಗೋದಾಮಿನಲ್ಲಿ ಮಾತ್ರ ಒಂದು ಗೋಣಿಚೀಲ ಇಡಬೇಕು, ಅದರಲ್ಲಿ ಚಿಗಟಾರಿ ಬೆರೆಸಿದ ಮಂಡಕ್ಕಿ. ಯಾವ ಚೀಲ, ಎಲ್ಲಿ ಎಂದು ನಮ್ಮ ಮನೆಯ ಮೂವರಿಗೆ ಬಿಟ್ಟು ಯಾರಿಗೂ ತಿಳಿಯಬಾರದು. ನಾಲ್ಕು ಜನ ಹೋಗಿ ಮುಟ್ಟಿ ನೋಡಿ ಮನುಷ್ಯರ ವಾಸನೆ ಹತ್ತಿಸಿದರೆ ಇಲಿಗಳು ಮತ್ತೆ ಸಂಶಯ ಪಡುತ್ತವೆ ಎಂದು ಶಾಂಭವಿಯ ಕಟ್ಟಪ್ಪಣೆ.

ಒಂದು ತೊಡಕು ಬಂತು. ಚೀಲ ಹೊಲಿದವಳು ಅಮ್ಮ. ಇಲಿಗೆ ಸುಲಭವಾಗಲಿ, ಸಡಿಲವಾಗಿ ಹೊಲಿಯಿರಿ ಎಂದು ಸೊಸೆ ಹೇಳಿದ್ದಳು. ಅಮ್ಮ ಹೂಂ ಅಂದಿದ್ದಳು. ಆದರೆ ಜೀವಮಾನವಿಡೀ ಇಲಿ ನುಗ್ಗದ ಹಾಗೆ ಹೊಲಿದ ಕೈ ಅದು. ಎರಡೆಳೆ ದಾರ, ಒತ್ತೊತ್ತಾದ ಹೊಲಿಗೆ. ಇಲಿಗಳು ಮೂರು ದಿನ ಹೆಣಗಿ ಸೋತವು. ಬಿಚ್ಚಿ ಇನ್ನೊಮ್ಮೆ ಹೊಲಿದಳು, ಮತ್ತೆ ಹಾಗೇ. "ಸಡಿಲಾಗಿ ಹೊಲಿಯಾಕೆ ನನ್ನ ಕೈ ಬಗ್ಗಂಗಿಲ್ಲವ್ವ. ಈ ಕೊಟ್ರೇಶನ ಕೈಲಿ ಹೊಲಿಸು, ಅವನು ಮಾಡಿದ್ದು ಏನಾರ ಗಟ್ಟಿ ಉಳಿದೈತಾ?" ಎಂದಳು. ನನ್ನ ಹೊಲಿಗೆಯನ್ನು ಇಲಿಗಳು ಒಂದು ಗಳಿಗೆಯಲ್ಲಿ ಬಿಚ್ಚಿದವು. ವಿಜ್ಞಾನಕ್ಕೆ ನನ್ನ ಕೊಡುಗೆ ಅದು.

ಅಲ್ಲಿಂದ ಕೆಲಸ ಸಲೀಸಾಯಿತು. ಚೀಲ ಖಾಲಿಯಾಗುತ್ತಿತ್ತು, ಶಾಂಭವಿ ಹೊಸದನ್ನು ತರುತ್ತಿದ್ದಳು, ನಾನು ಕೆಟ್ಟದಾಗಿ ಹೊಲಿಯುತ್ತಿದ್ದೆ. ಓಣಿಯಲ್ಲಿ ಹೊಸ ಜ್ವರದ ಸುದ್ದಿ ಬರಲಿಲ್ಲ. ದಾದಾಪೀರನ ಬೆಕ್ಕು ಕೂಡ ಮೈ ಕೆರೆದುಕೊಳ್ಳುವುದನ್ನು ಬಿಟ್ಟು ಬಿಸಿಲಲ್ಲಿ ಕಾಲು ಚಾಚಿ ಮಲಗತೊಡಗಿತು.

ಸಮಿತಿ ಬಂತು. ಅಧ್ಯಕ್ಷರು ಡಾ. ಪೊನ್ನಪ್ಪ, ಮಡಿಕೇರಿ ಕಡೆಯವರು, ಬಾಗಿಲಿಗಿಂತ ಎತ್ತರ, ನಗು ಅದಕ್ಕಿಂತ ಎತ್ತರ. ಅವರ ಜೊತೆ ಮೈಸೂರಿನ ಡಾ. ಕಾಂತರಾಜ ಅರಸು, ತೆಳ್ಳನೆಯ ಮನುಷ್ಯ, ಹೆಗಲಿಗೆ ಬಿಸಿನೀರಿನ ಫ್ಲಾಸ್ಕು, ಜೇಬಿನಲ್ಲಿ ಸ್ವಂತ ಬಿಸ್ಕತ್ತು. ಇವರಿಬ್ಬರ ಜೊತೆಗೆ ಇಬ್ಬರು ಕಿರಿಯ ಸದಸ್ಯರು. ಅರಸು ಅವರು ಕಾರಿನಿಂದ ಇಳಿದವರೇ ಗೋಡೆಯ ಮೇಲಿನ ನನ್ನ ಚಿತ್ರ ನೋಡಿ, "ಇದು ಏನು, ಎಮ್ಮೇನಾ?" ಎಂದು ಕೇಳಿದರು.

"ನೋಡಿ, ನಿಮ್ಮ ಔಷಧ ಏನೇ ಇರಲಿ, ತಿನ್ನೋ ಪದಾರ್ಥ ತಯಾರಿಸೋ ಜಾಗದಲ್ಲಿ ಇಲಿ ಇರಕೂಡದು. ನನ್ನ ಅಭಿಪ್ರಾಯ ಇಷ್ಟೇ" ಎಂದು ಅವರು ಶಾಂಭವಿಗೆ ನೇರವಾಗಿ ಹೇಳಿದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ನಮಗೆ ಭಯ.

ನಮ್ಮ ಓಣಿಯಲ್ಲಿ ಒಂದು ಪದ್ಧತಿಯಿದೆ. ದೊಡ್ಡವರು ಯಾರೇ ಬರಲಿ, ಅವರಿಗೆ ಯಾವುದೋ ಒಂದು ಭಟ್ಟಿಯ ಮಂಡಕ್ಕಿ ಕೊಡುವಂತಿಲ್ಲ. ಕೊಟ್ಟರೆ ಉಳಿದವರಿಗೆ ಅವಮಾನ. ಪ್ರತಿ ಭಟ್ಟಿಯಿಂದಲೂ ಒಂದೊಂದು ಪಡಿ ತಂದು, ಎಲ್ಲವನ್ನೂ ಒಂದೇ ಪರಾತದಲ್ಲಿ ಕಲಸಿ, ಒಗ್ಗರಣೆ ಕೊಟ್ಟು ಬಡಿಸಬೇಕು. ಆತಿಥ್ಯ ಯಾರ ಮನೆಯಲ್ಲೋ ಅವರದು ಮಾತ್ರ ಎರಡು ಪಡಿ. ಈ ಸಲ ಆತಿಥ್ಯ ನಮ್ಮದು. ಅಮ್ಮ ಮುಂಬಾಗಿಲಲ್ಲಿ ಅತಿಥಿಗಳನ್ನು ಕೂರಿಸುವುದರಲ್ಲಿದ್ದಳು, ಶಾಂಭವಿ ಅಂಕಿಅಂಶ ತೋರಿಸುವುದರಲ್ಲಿದ್ದಳು, ನಾನು ಮಿರ್ಚಿ ತರಲು ಹೋಗಿದ್ದೆ. ದಾದಾಪೀರನಿಗೆ ಅವಸರ. ಅವನೇ ಒಳಗೆ ಹೋಗಿ ನಮ್ಮ ಪಾಲನ್ನು ತಂದು ಪರಾತಕ್ಕೆ ಸುರಿದ.

ತಟ್ಟೆಗಳು ಹೊರಟವು. ಪೊನ್ನಪ್ಪನವರು ಎರಡನೆಯ ಸಲ ಹಾಕಿಸಿಕೊಂಡರು. "ಏನ್ರೀ ಇದು, ಬಾಯಲ್ಲಿ ಇಟ್ರೆ ಕರಗಿ ಹೋಗ್ತದೆ!" ಕಿರಿಯ ಸದಸ್ಯರೂ ತಿಂದರು, ಓಣಿಯವರೂ ತಿಂದರು, ಅಮ್ಮನೂ ತಿಂದಳು. ಅರಸು ಅವರು ಮಾತ್ರ ಕೈ ಅಡ್ಡ ಹಿಡಿದು, "ಕ್ಷಮಿಸಿ, ನಾನು ಹೊರಗಡೆ ಏನೂ ತಗೊಳಲ್ಲ" ಎಂದು ಬಿಸ್ಕತ್ತು ಬಿಚ್ಚಿದರು.

"ಹಾಲಕ್ಕನ ಮಾಲು ಅಂದ್ರೆ ಹಂಗೇ ಸರ" ಎಂದ ದಾದಾಪೀರ್, ಹೆಮ್ಮೆಯಿಂದ. "ಅಕ್ಕ ಭಾರಿ ಚಾಲಾಕಿ. ಡ್ರಮ್ಮಿಂದು ಮಾರಾಕೆ, ಒಳ್ಳೇದನ್ನ ಚೀಲದಾಗೆ ಒಳಕೋಣೇಲಿ ಬಚ್ಚಿಟ್ಟಿದ್ಲು. ನಾ ಬಿಡ್ತೀನಾ? ಬಾಯಿ ಹೊಲಿಗೆ ಎಳೆದ ಕೂಡ್ಲೇ ಬಿಚ್ಕಂಡು ಬಂತು."

ಶಾಂಭವಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ನಾನು ಆಗಷ್ಟೇ ಮಿರ್ಚಿ ಹಿಡಿದು ಬಂದವನು ಬಾಗಿಲಲ್ಲೇ ನಿಂತೆ. ಅಮ್ಮ ಬಾಯಿಗೆ ಸೆರಗು ಒತ್ತಿದಳು. ಅದು ಹಿಂದಿನ ದಿನವಷ್ಟೇ ಶಾಂಭವಿ ತಂದ, ಇನ್ನೂ ಇಲಿಗಳ ಮುಂದಿಡದ, ನಾನು ಹೊಲಿದ ಹೊಸ ಚೀಲ. ಪೂರ್ತಿ ಔಷಧ ಹಚ್ಚಿದ್ದು. ಹಾಕಿದ್ದನ್ನು ಬಿಟ್ಟು ಬಚ್ಚಿಟ್ಟದ್ದನ್ನೇ ಹುಡುಕಿ ತರುವ ಬುದ್ಧಿ ಇಲಿಗೆ ಮಾತ್ರ ಇರುವುದಲ್ಲ.

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ನನಗೆ ಬಂತು, ಅಮ್ಮನಿಗೂ ಬಂದಿರಬೇಕು. ಶಾಂಭವಿಗೆ ಬರಲಿಲ್ಲ. ಅವಳು ಎದ್ದು ನಿಂತು, "ಎಲ್ಲರೂ ತಟ್ಟೆ ಕೆಳಗಿಡ್ರಿ. ಇದು ಇಲಿಗಳಿಗೆ ಅಂತ ಮಾಡಿದ್ದ ಮಂಡಕ್ಕಿ" ಎಂದಳು. ನನಗೆ ಹೆದರಿಕೆಯಾಯಿತು, ಜೊತೆಗೆ ಹೆಮ್ಮೆಯೂ ಆಯಿತು.

ಪೊನ್ನಪ್ಪನವರ ನಗು ಬಾಗಿಲಿನಷ್ಟು ಎತ್ತರಕ್ಕೆ ಇಳಿಯಿತು. ದಾದಾಪೀರ್ ಗಂಟಲಿಗೆ ಬೆರಳು ಹಾಕಲು ಹಿತ್ತಲಿಗೆ ಓಡಿದ. ಶಾಂಭವಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಈ ಔಷಧವನ್ನು ಇದಕ್ಕಿಂತ ಎಷ್ಟೋ ಹೆಚ್ಚಿನ ಪ್ರಮಾಣದಲ್ಲಿ ಮನುಷ್ಯರಿಗೆ ಕೊಟ್ಟು ಪರೀಕ್ಷಿಸಿ ಆಗಿದೆ, ಅಪಾಯವಿಲ್ಲ. ಆದರೆ ಊಟದಲ್ಲಿ ಬೆರೆಸಲು ಯಾರ ಅನುಮತಿಯೂ ಇಲ್ಲ, ಆದ್ದರಿಂದ ತಪ್ಪು ತಪ್ಪೇ. ಆಸ್ಪತ್ರೆಯ ಡಾಕ್ಟರು ಬಂದು ಎಲ್ಲರ ನಾಡಿ, ರಕ್ತದೊತ್ತಡ ನೋಡಿದರು. ಸಂಜೆಯವರೆಗೆ ಓಣಿಯೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿತು. ಆದದ್ದು ಇಷ್ಟೇ: ಮಿರ್ಚಿ ಹೆಚ್ಚು ತಿಂದಿದ್ದ ಒಬ್ಬನಿಗೆ ಎದೆಯುರಿ.

ನಿಜವಾದ ಪೆಟ್ಟು ಅರಸು ಅವರಿಂದ ಬಂತು. "ಪ್ರಯೋಗಕ್ಕೆ ಒಳಗಾದವರು ಆ ಪ್ರಯೋಗದ ತೀರ್ಪು ಬರೆಯೋ ಹಾಗಿಲ್ಲ" ಎಂದರು, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ. "ಪೊನ್ನಪ್ಪನವರೇ, ನೀವೂ ಇವರಿಬ್ಬರೂ ಔಷಧ ತಿಂದಿದೀರಿ. ನಿಯಮದ ಪ್ರಕಾರ ಇನ್ನು ತೀರ್ಮಾನ ನನ್ನೊಬ್ಬನದು."

ಪೊನ್ನಪ್ಪನವರು ತಲೆಯಾಡಿಸಬೇಕಾಯಿತು. ಅಮ್ಮ ಎದ್ದು ಭಟ್ಟಿಯ ಮುಂದೆ ಹೋಗಿ ಕೂತಳು. ದಾದಾಪೀರ್ ಅವಳ ಕಾಲ ಹತ್ತಿರ ಕೂತು, "ಅಕ್ಕಾ, ನನ್ನ ಕೈ ಕಡಿ" ಎಂದ.

"ಕಡಿದ್ರೆ ನಾಳಿಂದ ಮರಳು ಯಾರು ಹುರೀತಾರೋ? ಏಳು" ಎಂದಳು ಅಮ್ಮ.

ಅಂದೇ ಸಂಜೆ ಬೋನುಗಳನ್ನು ಇಡಲಾಯಿತು. ತೆರೆದ ಬೋನಿಗೆ ನಮ್ಮ ಇಲಿಗಳು ಬರುವುದಿಲ್ಲವೆಂದು ಗೋಣಿತಟ್ಟು ಹೊದಿಸಿ ಬಚ್ಚಿಟ್ಟರು. ಸಮಿತಿಯವರು ಮಲಗಲು ಊರಾಚೆಯ ಅತಿಥಿಗೃಹಕ್ಕೆ ಹೋದರು. ಅದರ ಸುತ್ತ ಕಾಲುವೆಯ ನೀರು ನಿಂತ ಭತ್ತದ ಗದ್ದೆ. ಪೊನ್ನಪ್ಪನವರೂ ಕಿರಿಯರಿಬ್ಬರೂ ದೊಡ್ಡ ಕೋಣೆಯಲ್ಲಿ ಒಟ್ಟಿಗೆ ಮಲಗಿದರು. ಅರಸು ಅವರು ಶಿಸ್ತಿನ ಮನುಷ್ಯ, ಬೇರೆಯೇ ಕೋಣೆ ಕೇಳಿ ಪಡೆದರು.

ಬೆಳಿಗ್ಗೆ ಪ್ರಯೋಗಾಲಯಕ್ಕೆ ಮೊದಲು ಬಂದವರು ಪೊನ್ನಪ್ಪ. ಕೈಯಲ್ಲಿ ಒಂದು ಕಾಗದದ ಪೊಟ್ಟಣ. "ಮೇಡಂ, ನನಗೆ ಈ ಸೊಳ್ಳೆಗಳ ಕಾಟ ಹುಟ್ಟಿನಿಂದ ಬಂದದ್ದು. ನಿನ್ನೆ ಮಲಗುವಾಗ ನಾಲ್ಕು ಕಚ್ಚಿದವು, ಅಷ್ಟೇ. ಬೆಳಗ್ಗೆ ನೋಡಿದ್ರೆ ಹಾಸಿಗೆ ಮೇಲೆಲ್ಲ ಇವು!" ಪೊಟ್ಟಣ ಬಿಚ್ಚಿದರು. ಹೊಟ್ಟೆ ಕೆಂಪಗೆ ಉಬ್ಬಿದ, ಕಾಲು ಮೇಲೆ ಮಾಡಿದ ಸೊಳ್ಳೆಗಳು. ಕೋಣೆಗೆ ನುಗ್ಗಿದ ಸೊಳ್ಳೆಗಳೆಲ್ಲ ಒಮ್ಮೆ ಕಚ್ಚಿ ಬಿದ್ದಿದ್ದವು, ಎರಡನೆಯ ಸಲ ಕಚ್ಚಲು ಯಾವುದೂ ಉಳಿದಿರಲಿಲ್ಲ.

ಶಾಂಭವಿಗೇ ಆಶ್ಚರ್ಯ. ಇಲಿಯ ಪ್ರಮಾಣ ಮನುಷ್ಯನಿಗೆ ಸಾಲದು ಎಂಬುದು ಅವಳ ಲೆಕ್ಕವಾಗಿತ್ತು. "ಇಲಿ ದೇಹ ಔಷಧೀನ ಬೇಗ ಕರಗಿಸಿಬಿಡ್ತೈತೆ, ನಮ್ಮದು ನಿಧಾನ. ಅದಕ್ಕೇ ಸ್ವಲ್ಪ ತಿಂದ್ರೂ ಸಾಕಾಗೈತೆ. ಸೊಳ್ಳೆ ಬೇರೆ ಚಿಗಟಕ್ಕಿಂತ ಸೂಕ್ಷ್ಮ" ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಳ್ಳುವಾಗ ಅವಳ ಕಣ್ಣುಗಳನ್ನು ನೋಡಬೇಕಿತ್ತು. ಮುಂದಿನ ಹತ್ತು ವರ್ಷದ ಕೆಲಸ ಅಲ್ಲಿ ಕಾಣುತ್ತಿತ್ತು.

ಅಷ್ಟರಲ್ಲಿ ಅರಸು ಅವರು ಬಂದರು. ಮೊದಲು ಗುರುತೇ ಸಿಗಲಿಲ್ಲ. ಒಂದು ಕಣ್ಣಿನ ರೆಪ್ಪೆ ಬೋಂಡದಂತೆ ಊದಿತ್ತು. ಹಣೆ, ಕುತ್ತಿಗೆ, ಕೈ, ಎಲ್ಲಿ ನೋಡಿದರೂ ದದ್ದು. ಯಾರೂ ನಗಲಿಲ್ಲ. ನಗದಿರಲು ನಾನು ಪಟ್ಟ ಕಷ್ಟ ನನಗೇ ಗೊತ್ತು.

"ಬೋನುಗಳನ್ನ ತನ್ನಿ" ಎಂದರು.

ಮಂಪರು ಬರಿಸಿದ ಇಲಿಗಳನ್ನು ಒಂದೊಂದಾಗಿ ಬಿಳಿ ತಟ್ಟೆಯ ಮೇಲಿಟ್ಟು, ಹೇನು ಬಾಚಣಿಗೆಯಿಂದ ಬಾಚುವ ಕೆಲಸವನ್ನು ಅವರು ಯಾರಿಗೂ ಕೊಡಲಿಲ್ಲ. ತಾವೇ ಮಾಡಿದರು. ಮೂತಿಯಿಂದ ಬಾಲದವರೆಗೆ, ಹೊಟ್ಟೆಯ ಕೆಳಗೆ, ಕಿವಿಯ ಸಂದಿಯಲ್ಲಿ. ಒಂದು ಕೈ ಬಾಚುತ್ತಿದ್ದರೆ ಇನ್ನೊಂದು ಕೈ ತಮ್ಮದೇ ಕುತ್ತಿಗೆ ಕೆರೆಯುತ್ತಿತ್ತು. ಅಮ್ಮ, ದಾದಾಪೀರ್, ನಾನು ಗಾಜಿನ ಆಚೆ ನಿಂತು ನೋಡುತ್ತಿದ್ದೆವು. ತಟ್ಟೆಯ ಮೇಲೆ ಕೂದಲು ಬಿತ್ತು, ಮಣ್ಣು ಬಿತ್ತು, ಒಣಗಿ ಸತ್ತ ಚಿಗಟದ ಸಿಪ್ಪೆ ಬಿತ್ತು. ಹಾರುವ ಚಿಗಟ ಬೀಳಲಿಲ್ಲ. ಮುಂದಿನ ಇಲಿ. ಇಲ್ಲ. ಅದರ ಮುಂದಿನದು ಭಾರಿ ಹೆಗ್ಗಣ. ಅದರಲ್ಲೂ ಇಲ್ಲ. ಕೊನೆಗೆ ಒಂದು ಸೊಂಡಿಲಿ ಉಳಿಯಿತು. ಅದನ್ನು ಅವರು ಭೂತಗನ್ನಡಿ ಹಿಡಿದು, ಊದದ ಕಣ್ಣಿನಿಂದ ಬಹಳ ಹೊತ್ತು ನೋಡಿದರು.

ಆಮೇಲೆ ಬಾಚಣಿಗೆ ಕೆಳಗಿಟ್ಟು, ನಿಟ್ಟುಸಿರು ಬಿಟ್ಟರು. "ಡಾ. ಶಾಂಭವಿ, ನನಗೆ ತಿಳಿದ ಮಟ್ಟಿಗೆ ನಿನ್ನೆ ರಾತ್ರಿ ಈ ಊರಲ್ಲಿ ಮೈ ಕೆರೆದುಕೊಂಡು ಒದ್ದಾಡಿದ ಸಸ್ತನಿ ಅಂದ್ರೆ ನಾನೊಬ್ಬನೇ."

ಆಗ ಪೊನ್ನಪ್ಪನವರು ನಕ್ಕರು. ಆಮೇಲೆ ಯಾರನ್ನೂ ತಡೆಯಲಾಗಲಿಲ್ಲ. ಅರಸು ಅವರೂ ನಗಲು ನೋಡಿದರು, ಊದಿದ ಕೆನ್ನೆ ಬಿಡಲಿಲ್ಲ.

ಅವರು ಶಿಸ್ತಿನ ಮನುಷ್ಯರೇ ಇರಬಹುದು, ಆದರೆ ಕಂಡದ್ದನ್ನು ಕಂಡಿಲ್ಲ ಎನ್ನುವವರಲ್ಲ. ಮಧ್ಯಾಹ್ನ ನಮ್ಮ ಮನೆಯ ಜಗಲಿಯ ಮೇಲೆ ಕೂತೇ ತೀರ್ಮಾನ ಬರೆದರು. ಮಾರುವ ಮಂಡಕ್ಕಿ ಎಂದೆಂದಿಗೂ ಡ್ರಮ್ಮಿನಲ್ಲೇ ಇರಬೇಕು. ಇಲಿಯ ಚೀಲಕ್ಕೆ ಬೀಗ ಹಾಕಿದ, ಇಲಿಗೆ ಮಾತ್ರ ದಾರಿಯಿರುವ ಪೆಟ್ಟಿಗೆ ಆಗಬೇಕು. ಅದರ ಹತ್ತಿರ ಸಂಘದ ಅಧ್ಯಕ್ಷರು ಸುಳಿಯಬಾರದು. ಇಷ್ಟನ್ನು ಪಾಲಿಸಿದರೆ ಭಟ್ಟಿಗಳು ಇದ್ದಲ್ಲೇ ಇರಬಹುದು. ಸಹಿ ಹಾಕಿದರು. ದಾದಾಪೀರ್ ತನ್ನ ಹೆಸರಿಲ್ಲದೆ ತನ್ನ ಮೇಲೆ ಬರೆದ ಆ ಸಾಲನ್ನು ಓಣಿಯವರಿಗೆಲ್ಲ ಓದಿ ಹೇಳಿ ಮೆರೆದ.

ಅಮ್ಮ ಭಟ್ಟಿಗೆ ಬೆಂಕಿ ಹಚ್ಚಿದಳು. ಹಚ್ಚಿ ಬಂದವಳು ಎಲ್ಲರ ಎದುರಿಗೇ ಸೊಸೆಯ ಕೆನ್ನೆ ನೇವರಿಸಿ ನೆಟಿಕೆ ಮುರಿದಳು, ಆಮೇಲೆ ಎರಡು ನಿಮಿಷ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗೂ ಅಳು ಬಂತು. ಹೊಗೆ ಎಂದೆ.

ಕಣ್ಣೊರೆಸಿಕೊಂಡು ಅಮ್ಮ ಬಿಸಿ ಮಂಡಕ್ಕಿಗೆ ಒಗ್ಗರಣೆ ಕೊಟ್ಟು ಒಂದು ತಟ್ಟೆ ತಂದು ಅರಸು ಅವರ ಮುಂದಿಟ್ಟಳು. "ಇದು ಡ್ರಮ್ಮಿಂದು ಸರ. ಔಷಧಿ ಗಿವಷಧಿ ಏನೂ ಇಲ್ಲ, ಧೈರ್ಯಲೇ ತಿನ್ರಿ. ನಮ್ಮ ಓಣಿಗೆ ಬಂದು ಬಾಯಿಗೇನೂ ಹಾಕ್ಕಳದೆ ಹೋದ್ರೆ ನಮಗೆ ಹೊಟ್ಟಿಗೆ ಹತ್ತಂಗಿಲ್ಲ."

ಅರಸು ಅವರು ತಟ್ಟೆಯನ್ನು ನೋಡಿದರು. ಶಾಂಭವಿ ಒಳಗಿದ್ದಾಳೆ ಎಂಬುದನ್ನು ಖಾತ್ರಿ ಮಾಡಿಕೊಂಡು, ಅಮ್ಮನತ್ತ ಬಾಗಿ, ತೀರ ಮೆಲ್ಲಗೆ ಕೇಳಿದರು:

"ತಾಯಿ, ಆ ಇಲಿ ಚೀಲದ್ದು ಒಂದು ಹಿಡಿ ಉಳಿದಿದ್ರೆ ಅದನ್ನೇ ಕೊಡ್ತೀರಾ? ಇವತ್ತು ರಾತ್ರೀನೂ ನಾನು ಅಲ್ಲೇ ಮಲಗಬೇಕು."